ಬೇರು ಹೊತ್ತಿರುವುದು ಕೊಂಬೆಯನ್ನು: ರೋಮಾಪುರದವರಿಗೆ 9ರಿಂದ 11ನ್ನು ಬೋಧಿಸುವವರಿಗೆ

ಹೊಸ ವರ್ಷದ ಆರಾಧನೆಯಲ್ಲಿ ಹಂಚುವ ವಾಗ್ದಾನದ ಕಾರ್ಡುಗಳಲ್ಲಿ ಯೆರೆಮೀಯ 29:11 ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಿಮ್ಮ ಹಿತವನ್ನೇ ಯೋಚಿಸಿದ್ದೇನೆ ಎಂದು ದೇವರು ಹೇಳುವ ಆ ಮಾತು ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರದಲ್ಲಿದೆ. 70 ವರ್ಷ ತುಂಬಬೇಕೆಂಬುದೂ ಹಿಂದಿನ ವಚನದಲ್ಲೇ ಇದೆ. ಸಭೆ ಆ ವಾಗ್ದಾನದಿಂದ ಧೈರ್ಯ ತಂದುಕೊಳ್ಳಲಿ, ತಪ್ಪಿಲ್ಲ. ಆದರೆ ಅದೇ ಪ್ರವಾದಿ ಗದರಿಸುವ ಅಧ್ಯಾಯ ಬಂದಾಗ ಮಾತ್ರ "ಇದು ಯೆಹೂದ್ಯರಿಗೆ ಹೇಳಿದ್ದು" ಎಂದು ಬದಿಗೆ ಸರಿಸುತ್ತೇವೆ. ಆಶೀರ್ವಾದ ನಮಗೆ, ಶಾಪ ಅವರಿಗೆ ಎಂಬ ಈ ಹಂಚಿಕೆ ಎಷ್ಟೋ ಪ್ರಸಂಗಗಳಲ್ಲಿ ಬೋಧಕರ ಅರಿವಿಗೇ ಬಾರದೆ ನುಸುಳಿಬಿಡುತ್ತದೆ.

ಇದು ಹಳೆಯ ಅಭ್ಯಾಸ. ಎರಡನೇ ಶತಮಾನದ ನಡುವಿನಲ್ಲೇ ಹುತಾತ್ಮ ಜಸ್ಟಿನ್, ಕ್ರಿಸ್ತನನ್ನು ನಂಬಿದವರೇ ನಿಜವಾದ ಇಸ್ರಾಯೇಲ್ ಎಂದು ಬರೆದ. ಅಂತಿಯೋಕ್ಯದಲ್ಲಿ 386–87ರ ಸುಮಾರಿಗೆ ಯೋಹಾನ ಕ್ರಿಸೊಸ್ತೊಮ್ ಕೊಟ್ಟ ಪ್ರಸಂಗಗಳಲ್ಲಿ ಯೆಹೂದ್ಯರ ಆರಾಧನಾಸ್ಥಳವಾದ ಸಭಾಮಂದಿರವನ್ನು ನಿಂದಿಸುವ ಭಾಷೆ ಇಂದು ಓದಿದರೂ ಎದೆ ನಡುಗಿಸುತ್ತದೆ. 1523ರಲ್ಲಿ ಯೇಸು ಯೆಹೂದ್ಯನಾಗಿ ಹುಟ್ಟಿದನೆಂದು ನೆನಪಿಸಿ ಮೃದುವಾಗಿ ಬರೆದ ಮಾರ್ಟಿನ್ ಲೂಥರ್, 1543ರಲ್ಲಿ ಯೆಹೂದ್ಯರ ಸಭಾಮಂದಿರಗಳನ್ನು ಸುಡಬೇಕೆಂದು ಬರೆದ. ಆ ಬರಹವನ್ನು ಅಮೆರಿಕದ ಇವಾಂಜೆಲಿಕಲ್ ಲೂಥರನ್ ಸಭೆ ಔಪಚಾರಿಕವಾಗಿ ತಿರಸ್ಕರಿಸಿದ್ದು 1994ರಲ್ಲಿ.

ಈ ಅಭ್ಯಾಸಕ್ಕೆ ಅಪೊಸ್ತಲ ಪೌಲನ ಉತ್ತರ ಇವೆಲ್ಲಕ್ಕಿಂತ ಹಿಂದಿನದು. ಅವನು ರೋಮಿನವರಿಗೆ ಬರೆದದ್ದು ಸುಮಾರು 57ರಲ್ಲಿ, ಕೊರಿಂಥದಿಂದ. ಅದಕ್ಕೂ ಮುಂಚೆ, ಸುಮಾರು 49ರಲ್ಲಿ, ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ರೋಮಿನಿಂದ ಹೊರಡಿಸಿದ್ದ; ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಊರು ಬಿಟ್ಟದ್ದು ಹೀಗೆಯೇ (ಅ. ಕೃತ್ಯಗಳು 18:2). ಕ್ಲೌದ್ಯ ಸತ್ತ ಮೇಲೆ ಅವರು ಮರಳಿದಾಗ ಸಭೆಯಲ್ಲಿ ಅನ್ಯಜನರದೇ, ಅಂದರೆ ಯೆಹೂದ್ಯರಲ್ಲದವರದೇ ಮೇಲುಗೈ ಆಗಿತ್ತೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. 11ನೇ ಅಧ್ಯಾಯದ ಎಚ್ಚರಿಕೆ ಯಾರ ಕಡೆಗೆ ತಿರುಗಿದೆ ಎಂಬುದಕ್ಕೆ ಈ ಹಿನ್ನೆಲೆ ಚೆನ್ನಾಗಿ ಹೊಂದುತ್ತದೆ.

ಮೂರೂ ಅಧ್ಯಾಯ ಸೇರಿ 90 ವಚನ. ಪ್ರಸಂಗ ಬರೆಯಲು ಕೂರುವ ಮುನ್ನ ಅವನ್ನು ಒಂದೇ ಸಲಕ್ಕೆ ಗಟ್ಟಿಯಾಗಿ ಓದಿ. ಕಾಲು ಗಂಟೆ ಸಾಕು. ಹೆಚ್ಚಿನವರು ಎಡವುವುದು 9:6ರಲ್ಲಿ. ಇಸ್ರಾಯೇಲನಿಂದ ಹುಟ್ಟಿದವರೆಲ್ಲ ಇಸ್ರಾಯೇಲ್ಯರಲ್ಲ ಎಂಬ ಆ ವಚನವನ್ನು ತೀರ್ಪೆಂದು ತಿಳಿದು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಅದು ವಾದದ ಆರಂಭ ಅಷ್ಟೆ. ಅದಕ್ಕೆ ಮುಂಚಿನ 9:4–5ರಲ್ಲಿ ಪುತ್ರತ್ವ, ಮಹಿಮೆ, ಒಡಂಬಡಿಕೆಗಳು, ಧರ್ಮಶಾಸ್ತ್ರ, ಆರಾಧನೆ, ವಾಗ್ದಾನಗಳು ಅವರವೇ ಎಂದಿದ್ದಾನೆ. ಯೇಸುವನ್ನು ನಂಬದಿರುವ ತನ್ನ ಸ್ವಜನರ ವಿಷಯದಲ್ಲೇ ಈ ಮಾತು. ದೇವರು ತನ್ನ ಜನರನ್ನು ತಳ್ಳಿಬಿಟ್ಟನೋ ಎಂದು 11:1ರಲ್ಲಿ ಕೇಳಿ, ಎಂದಿಗೂ ಇಲ್ಲ ಎನ್ನುತ್ತಾನೆ. 11:28–29ರಲ್ಲಿ ಸುವಾರ್ತೆಯ ವಿಷಯದಲ್ಲಿ ಅವರು ವೈರಿಗಳೆಂದೂ ಪಿತೃಗಳ ನಿಮಿತ್ತ ಪ್ರಿಯರೆಂದೂ ಒಂದೇ ಉಸಿರಿನಲ್ಲಿ ಹೇಳಿ, ದೇವರು ಕೊಟ್ಟ ವರವನ್ನೂ ಕರೆಯನ್ನೂ ಹಿಂತೆಗೆದುಕೊಳ್ಳುವುದಿಲ್ಲ ಎನ್ನುತ್ತಾನೆ. ಎರಡನ್ನೂ ಹಿಡಿದಿಟ್ಟುಕೊಂಡರೆ ಮಾತ್ರ ಪೌಲನ ಮಾತನ್ನು ಬೋಧಿಸಿದಂತೆ.

ಆಲಿವ್ ಮರದ ಉಪಮೆಗೆ (11:17–24) ಹೆಚ್ಚು ಹೊತ್ತು ಕೊಡಿ. ನಮ್ಮ ತೋಟಗಳಲ್ಲಿ ನಾಟಿ ಮಾವಿನ ಸಸಿಗೆ ಬಾದಾಮಿಯದೋ ರಸಪುರಿಯದೋ ಕಡ್ಡಿ ತಂದು ಕಸಿ ಕಟ್ಟುತ್ತಾರೆ; ಬುಡ ಒರಟು, ಹಣ್ಣು ಕೊಡುವ ಕೊಂಬೆ ಒಳ್ಳೆಯ ಜಾತಿಯದು. ಪೌಲ ಇದನ್ನು ತಿರುವಿ ಹಾಕುತ್ತಾನೆ. ಬುಡ ಒಳ್ಳೆಯದು, ತಂದು ಕಟ್ಟಿದ ಕೊಂಬೆಯೇ ಕಾಡಿನದು. ಇದು ಸ್ವಭಾವಕ್ಕೆ ವಿರುದ್ಧವೆಂದು 24ನೇ ವಚನದಲ್ಲಿ ಅವನೇ ಹೇಳುತ್ತಾನೆ. ಅಂದರೆ ಅನ್ಯಜನರಾದ ನಾವು ಅಲ್ಲಿರುವುದು ಕೃಪೆಯಿಂದ. ಕೆಲವು ಕೊಂಬೆಗಳು ಮುರಿದಿವೆ, ಎಲ್ಲವೂ ಅಲ್ಲ; ಮುರಿದವನ್ನು ಮತ್ತೆ ಕಟ್ಟಲು ದೇವರು ಶಕ್ತನು. ಹಳೆಯ ಮರವನ್ನು ಕಡಿದು ಹೊಸದನ್ನು ನೆಟ್ಟ ಮಾತು ಇಡೀ ಉಪಮೆಯಲ್ಲಿ ಎಲ್ಲೂ ಇಲ್ಲ. ನೀನು ಬೇರನ್ನು ಹೊತ್ತಿಲ್ಲ, ಬೇರೇ ನಿನ್ನನ್ನು ಹೊತ್ತಿದೆ ಎಂಬ 18ನೇ ವಚನ ಹಮ್ಮಿನ ಕೊಂಬೆಗೆ ಹೇಳಿದ್ದು.

ಇನ್ನು ತಪ್ಪು ಓದಿಗೆ ಒಳಗಾಗುವ ಭಾಗಗಳು. ಯೆರೆಮೀಯ 31:31–34ರ ಹೊಸ ಒಡಂಬಡಿಕೆಯನ್ನು ಕರ್ತನ ಭೋಜನದ ದಿನ ಓದಿ 34ಕ್ಕೆ ನಿಲ್ಲಿಸುತ್ತೇವೆ. ಇಬ್ರಿಯರಿಗೆ 8ರಲ್ಲಿ ಉಲ್ಲೇಖವಾಗಿರುವುದೂ ಅಷ್ಟೇ. ಇನ್ನು ಮೂರು ವಚನ ಮುಂದುವರಿಸಿ: ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆ ತಪ್ಪಿದರೆ ಮಾತ್ರ ಇಸ್ರಾಯೇಲ್ ಸಂತಾನ ಜನಾಂಗವಾಗಿ ಉಳಿಯದು ಎಂದಿದೆ. ಆ ಹೊಸ ಒಡಂಬಡಿಕೆಯೂ ಇಸ್ರಾಯೇಲ್ ಮತ್ತು ಯೆಹೂದ ವಂಶದೊಂದಿಗೇ. ಮತ್ತಾಯ 21:43ರಲ್ಲಿ ರಾಜ್ಯ ಕಿತ್ತುಕೊಳ್ಳಲಾಗುವುದೆಂದು ಯೇಸು ಹೇಳಿದ್ದು ಯಾರಿಗೆ? 45ನೇ ವಚನ ನೋಡಿ: ತಮ್ಮನ್ನೇ ಕುರಿತು ಹೇಳಿದನೆಂದು ಮಹಾಯಾಜಕರೂ ಫರಿಸಾಯರೂ ತಿಳಿದುಕೊಂಡರು. ಮರುವಚನದಲ್ಲಿ ಜನರ ಗುಂಪು ಯೇಸುವಿನ ಪಕ್ಷದಲ್ಲೇ ಇದೆ.

ಸಭೆಗಳ ನಡುವಿನ ಭಿನ್ನಾಭಿಪ್ರಾಯವನ್ನೂ ಮುಚ್ಚಿಡಬೇಡಿ. ಸುಧಾರಿತ ಪರಂಪರೆಯ ಹಲವರು ದೇವರಿಗೆ ಒಂದೇ ಜನ, ವಾಗ್ದಾನಗಳೆಲ್ಲ ಕ್ರಿಸ್ತನಲ್ಲಿ ನೆರವೇರುತ್ತವೆ ಎನ್ನುತ್ತಾರೆ. 1830ರ ದಶಕದಿಂದ ಜಾನ್ ನೆಲ್ಸನ್ ಡಾರ್ಬಿ ಬೋಧಿಸಿ, 1909ರ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳ ಮೂಲಕ ಹರಡಿದ ಯುಗವಿಭಾಗದ ಬೋಧನೆ ಇಸ್ರಾಯೇಲ್ ಬೇರೆ, ಸಭೆ ಬೇರೆ ಎನ್ನುತ್ತದೆ. ಕಥೋಲಿಕ ಸಭೆ 1965ರ ಅಕ್ಟೋಬರ್ 28ರ 'ನೋಸ್ತ್ರ ಎತಾತೆ' ಎಂಬ ಘೋಷಣೆಯಲ್ಲಿ ಯೆಹೂದ್ಯರನ್ನು ದೇವರು ತಿರಸ್ಕರಿಸಿದವರೆಂದು ಬಿಂಬಿಸಬಾರದೆಂದು ಹೇಳಿತು. 2015ರ ವ್ಯಾಟಿಕನ್ ದಾಖಲೆ ರಕ್ಷಣೆಗೆ ಎರಡು ಸಮಾನಾಂತರ ದಾರಿಗಳಿಲ್ಲ ಎನ್ನುತ್ತಲೇ, ಯೆಹೂದ್ಯರ ಮತಾಂತರಕ್ಕಾಗಿ ಸಾಂಸ್ಥಿಕ ಮಿಷನ್ ನಡೆಸುವುದಿಲ್ಲ ಎಂದಿತು. "ಇಸ್ರಾಯೇಲ್ಯರೆಲ್ಲರೂ ರಕ್ಷಣೆ ಹೊಂದುವರು" ಎಂಬ 11:26 ಹೇಗೆ ಈಡೇರುವುದೆಂಬ ಪ್ರಶ್ನೆಗೆ ಪೌಲನೇ 33ನೇ ವಚನದಲ್ಲಿ ದೇವರ ಜ್ಞಾನದ ಅಗಾಧತೆಗೆ ತಲೆಬಾಗುತ್ತಾನೆ. ನಕ್ಷೆ, ಪಟ್ಟಿ ಬರೆದು ಅದನ್ನು ಮುಗಿಸುವ ಬೋಧನೆಯನ್ನು ನಾನು ಒಪ್ಪಲಾರೆ.

1948ರ ನಂತರದ ಇಸ್ರಾಯೇಲ್ ರಾಷ್ಟ್ರದ ನಡೆಗಳನ್ನು ಈ ಅಧ್ಯಾಯಗಳಿಂದ ಸಮರ್ಥಿಸುವುದೂ ಖಂಡಿಸುವುದೂ ಸರಿಯಲ್ಲ. ದೇಶ, ಗಡಿಗಳ ಮಾತನ್ನು ಪೌಲ ಇಲ್ಲಿ ಎತ್ತಿಲ್ಲ. ಬೇತ್ಲೆಹೇಮಿನ ಪ್ಯಾಲೆಸ್ಟೀನಿ ಕ್ರೈಸ್ತರೂ ಇದೇ ಪತ್ರಿಕೆಯನ್ನು ಓದುತ್ತಾರೆ. ಆ ವಿಷಯಕ್ಕೆ ಬೇರೊಂದು ಭಾನುವಾರವನ್ನೇ ಇಟ್ಟುಕೊಳ್ಳಿ.

ಶುಭ ಶುಕ್ರವಾರದ ಸಿದ್ಧತೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಹಿಂದಿನ ಕಾಲದ ಯೂರೋಪಿನಲ್ಲಿ ಆ ವಾರದ ಪ್ರಸಂಗ ಕೇಳಿ ಹೊರಬಂದವರು ಯೆಹೂದ್ಯರ ಕೇರಿಗೆ ನುಗ್ಗಿದ್ದುಂಟು. ಮತ್ತಾಯ 27:25ರ "ಇವನ ರಕ್ತ ನಮ್ಮ ಮೇಲೆ" ಎಂಬ ಕೂಗನ್ನು ವಿವರಣೆಯಿಲ್ಲದೆ ಬಿಡಬೇಡಿ. ಶಿಲುಬೆ ರೋಮನರ ಶಿಕ್ಷೆ, ಆಜ್ಞೆ ಪಿಲಾತನದು. ಅ. ಕೃತ್ಯಗಳು 4:27 ಹೆರೋದ, ಪಿಲಾತ, ಅನ್ಯಜನ, ಇಸ್ರಾಯೇಲ್ಯರು ಎಲ್ಲರನ್ನೂ ಒಟ್ಟಿಗೆ ಹೆಸರಿಸುತ್ತದೆ. ನಾಟಕ ಆಡಿಸುವ ಸಭೆಯಾದರೆ ಗುಂಪಿನ ಪಾತ್ರಧಾರಿಗಳಿಗಷ್ಟೇ ಯೆಹೂದ್ಯರ ವೇಷ ಹಾಕಿ ಯೇಸುವನ್ನೂ ಶಿಷ್ಯರನ್ನೂ ಬೇರೆ ಜನಾಂಗದವರಂತೆ ತೋರಿಸಬೇಡಿ; ಅವರೂ, ಅಳುತ್ತಾ ಹಿಂದೆ ಹೋದ ಸ್ತ್ರೀಯರೂ ಯೆಹೂದ್ಯರೇ. ಪ್ರಾರ್ಥನೆಗೆ ಮಾದರಿ ಬೇಕಿದ್ದರೆ ರೋಮನ್ ವಿಧಿಯಲ್ಲಿ ಆ ದಿನದ ಹತ್ತು ವಿಜ್ಞಾಪನೆಗಳಲ್ಲಿ ಆರನೆಯದನ್ನು ನೋಡಿ: ಅದು ಯೆಹೂದ್ಯರನ್ನು ದೇವರ ವಾಕ್ಯವನ್ನು ಮೊದಲು ಕೇಳಿದ ಜನರೆಂದು ನೆನೆದು, ಅವರು ಆತನ ಒಡಂಬಡಿಕೆಗೆ ನಂಬಿಗಸ್ತರಾಗಿ ಬೆಳೆಯಲೆಂದು ಬೇಡುತ್ತದೆ.