ಮೇಲ್ಮನವಿ: ಎರಡನೇ ಸಲ ಕಳವಿನ ಶಿಕ್ಷೆಯಾದವರಿಗೆ ಈ ಪದದ ಅರ್ಥವೇನು?

ಬಾಗಲಕೋಟೆಯ ನವನಗರದಲ್ಲಿ ಕೋರ್ಟಿನ ಮುಂದೆ ನಿಂತರೆ ‘ಮೇಲ್ಮನವಿ’ ಎಂಬ ಪದ ಕಿವಿಗೆ ಬೀಳುವುದು ಕಡಿಮೆ. ಜನ "ಅಪೀಲ್ ಹೋಗೋಣ್ರಿ" ಎನ್ನುತ್ತಾರೆ. ಕಾಗದದ ಮೇಲೆ ಮಾತ್ರ ಅದು ಮೇಲ್ಮನವಿ. ಎರಡೂ ಒಂದೇ. ಆದರೆ ಪದದೊಳಗೆ ‘ಮನವಿ’ ಕೂತಿರುವುದರಿಂದ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ. ದೊಡ್ಡ ಸಾಹೇಬರ ಮುಂದೆ ಕೈಮುಗಿದು "ಈ ಸಲ ಬಿಟ್ಟುಬಿಡ್ರಿ" ಎಂದು ಬೇಡುವುದೇ ಮೇಲ್ಮನವಿ ಎಂದು ತುಂಬ ಜನ ನಂಬಿದ್ದಾರೆ. ಅದಕ್ಕೇ ಎರಡನೇ ಸಲ ಕಳವಿನ ಕೇಸಿನಲ್ಲಿ ಶಿಕ್ಷೆಯಾದಾಗ ಮನೆಯವರು "ಯಾವ ಮುಖ ಇಟ್ಕೊಂಡ್ ಹೋಗೋದು" ಎಂದು ಸುಮ್ಮನಾಗಿಬಿಡುತ್ತಾರೆ. ಅಡಕೆಗೆ ಹೋದ ಮಾನದ ಗಾದೆ ಅವರ ಬಾಯಿ ಕಟ್ಟಿಹಾಕುತ್ತದೆ.

ಮೇಲ್ಮನವಿ ಬೇಡುವುದಲ್ಲ. ಅದು ಹಕ್ಕು. ಕೆಳಗಿನ ಕೋರ್ಟಿನ ತೀರ್ಪು ಕಾನೂನಿಗೆ, ಸಾಕ್ಷಿಗೆ ಸರಿಯಾಗಿ ಇದೆಯೇ ಎಂದು ಮೇಲಿನ ಕೋರ್ಟು ಅದೇ ದಾಖಲೆಗಳನ್ನು ತೆರೆದು ನೋಡುವ ಕೆಲಸ. ಹೊಸದಾಗಿ ವಿಚಾರಣೆ ನಡೆಯುವುದಿಲ್ಲ. ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕರೆಸುವುದೂ ಇಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಳಕಲ್ಲಿನ ಒಂದು ಸೀರೆ ಅಂಗಡಿ, ಹಬ್ಬದ ಗದ್ದಲ. ಒಬ್ಬ ಹೆಂಗಸು 2,000 ರೂಪಾಯಿಯ ಸೀರೆ ಚೀಲಕ್ಕೆ ಹಾಕಿಕೊಂಡು ಹೊರಟಾಗ ಸಿಕ್ಕಿಬಿದ್ದಳು. ಅಂಗಡಿಯಲ್ಲಿ ಕದಿಯುವುದಕ್ಕೆ ನಮ್ಮ ಕಾನೂನಿನಲ್ಲಿ ಬೇರೆ ಹೆಸರಿಲ್ಲ. ಅದೂ ಕಳವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಹಾಕಿದ್ದಾರೆ ಎಂದುಕೊಳ್ಳೋಣ. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲದ ಶಿಕ್ಷೆಯಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ ಮಾತ್ರ.

ಅದೇ ಹೆಂಗಸಿಗೆ ಈ ಕಲಮಿನಡಿ ಎರಡನೇ ಸಲ ಶಿಕ್ಷೆಯಾದರೆ ಲೆಕ್ಕವೇ ಬದಲಾಗುತ್ತದೆ. ಕನಿಷ್ಠ ಒಂದು ವರ್ಷ ಕಠಿಣ ಸಜೆ. ಐದು ವರ್ಷದವರೆಗೂ ಹೋಗಬಹುದು, ಜೊತೆಗೆ ದಂಡ. ಸೀರೆ ಅದೇ, ಬೆಲೆ ಅದೇ. ಬದಲಾದದ್ದು ‘ಎರಡನೇ ಸಲ’ ಎಂಬ ಒಂದು ಮಾತು. ಹಾಗಾಗಿ ಮೇಲ್ಮನವಿಯಲ್ಲಿ ಮೊದಲು ನೋಡಬೇಕಾದದ್ದು ಆ ಮಾತನ್ನೇ.

ಎರಡನೇ ಸಲ ಎಂದರೆ ಏನು? ಎರಡನೇ ಕೇಸು ಅಲ್ಲ, ಎರಡನೇ ಶಿಕ್ಷೆ. ಈ ವ್ಯತ್ಯಾಸ ಬಹಳ ದೊಡ್ಡದು. ಹಿಂದೆ ಎಫ್‌ಐಆರ್ ಆಗಿರಬಹುದು. ಠಾಣೆಯಲ್ಲಿ ಫೋಟೋ ತೆಗೆದಿಟ್ಟುಕೊಂಡಿರಬಹುದು. "ಇವಳು ಹಳೆ ಗಿರಾಕಿ" ಎಂದು ಊರೆಲ್ಲ ಹೇಳಬಹುದು. ಇವು ಯಾವುವೂ ಶಿಕ್ಷೆಯಲ್ಲ. ಹಿಂದೆ ಯಾವ ಕೋರ್ಟಿನಲ್ಲಿ, ಯಾವ ದಿನ, ಯಾವ ಅಪರಾಧಕ್ಕೆ ದೋಷಿ ಎಂದು ತೀರ್ಪಾಗಿತ್ತು ಎಂಬುದು ದೋಷಾರೋಪಣೆಯಲ್ಲಿ ಇರಬೇಕು. ಬಿಟ್ಟುಹೋಗಿದ್ದರೆ ಶಿಕ್ಷೆ ಹೇಳುವ ಮುಂಚೆ ಸೇರಿಸಬೇಕು. ಆರೋಪಿ ಒಪ್ಪದಿದ್ದರೆ ಅದನ್ನು ದಾಖಲೆಯಿಂದ ಸಾಬೀತು ಮಾಡಬೇಕು. ಆ ಹಳೆ ತೀರ್ಪಿನಲ್ಲಿರುವ ವ್ಯಕ್ತಿ ಇವಳೇ ಎಂದೂ ತೋರಿಸಬೇಕು. ನಮ್ಮ ಕಡೆ ಒಂದೇ ಊರಲ್ಲಿ ಎಷ್ಟು ಯಲ್ಲವ್ವ, ಎಷ್ಟು ಬಸವ್ವ ಇರುತ್ತಾರೆ, ಅಲ್ವಾ? ಹೆಸರು ಕೂಡಿತು ಎಂದರೆ ಸಾಲದು.

ಘಟನೆ ನಡೆದ ದಿನವನ್ನೂ ನೋಡಬೇಕು. ಅದು 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ದಂಡ ಸಂಹಿತೆಯ 379ನೇ ಕಲಂ ಅನ್ವಯಿಸುತ್ತದೆ. ಅದರಲ್ಲಿ ಈ ಒಂದು ವರ್ಷದ ಕನಿಷ್ಠ ಶಿಕ್ಷೆ ಇರಲೇ ಇಲ್ಲ. ಇನ್ನು ಮೊದಲ ಶಿಕ್ಷೆ ಹಳೆ ಕಾನೂನಿನಡಿ ಆಗಿ, ಎರಡನೆಯದು ಹೊಸದರಡಿ ಆಗಿದ್ದರೆ? 303ನೇ ಕಲಂ ಹೇಳುವುದು ‘ಈ ಕಲಮಿನಡಿ’ ಎರಡನೇ ಶಿಕ್ಷೆ ಎಂದು. ಹಳೆ ಕಾನೂನಿನ ಶಿಕ್ಷೆ ಈ ಲೆಕ್ಕಕ್ಕೆ ಬರುವುದಿಲ್ಲ ಎಂಬ ವಾದವನ್ನು ಅಲ್ಲಿ ವಕೀಲರು ಎತ್ತಲೇಬೇಕು.

ನನಗೆ ತುಂಬ ಸಂಕಟ ಕೊಡುವ ವಿಷಯ ಬೇರೆಯೇ ಇದೆ. ಎಷ್ಟೋ ಬಡವರ ‘ಮೊದಲ ಶಿಕ್ಷೆ’ ಅವರಿಗೇ ಗೊತ್ತಿಲ್ಲದೆ ಆಗಿರುತ್ತದೆ. ತಾರೀಖಿಗೆ ಅಲೆದು ಕೂಲಿ ಕಳೆದುಕೊಂಡು ಸಾಕಾಗಿರುತ್ತದೆ. ಯಾರೋ "ಒಪ್ಕೊಂಡ್ಬಿಡು, ದಂಡ ಕಟ್ಟಿ ಮನೀಗೆ ಹೋಗು" ಎನ್ನುತ್ತಾರೆ. ಒಪ್ಪಿಕೊಳ್ಳುತ್ತಾರೆ. ದಂಡ ಕಟ್ಟಿ ಬಂದರೆ ಕೇಸು ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ದಂಡವೂ ಶಿಕ್ಷೆಯೇ. ವರ್ಷಗಳ ನಂತರ ಅದೇ ಎದುರು ಬಂದು ನಿಲ್ಲುತ್ತದೆ. ಇನ್ನೊಂದು ತೊಂದರೆ, ತಪ್ಪೊಪ್ಪಿಕೊಂಡು ಆದ ತೀರ್ಪಿನ ಮೇಲೆ ಪೂರ್ತಿ ಅಪೀಲು ಸಿಗುವುದಿಲ್ಲ. ಶಿಕ್ಷೆ ಜಾಸ್ತಿಯಾಯಿತು ಅಥವಾ ಅದು ಕಾನೂನಿಗೆ ಸರಿಯಿಲ್ಲ ಎಂದಷ್ಟೇ ಕೇಳಬಹುದು.

ಅಂಗಡಿಯವರು ಮನಸ್ಸು ಕರಗಿ "ಹೋಗ್ಲಿ ಬಿಡ್ರಿ, ರಾಜಿ ಮಾಡ್ಕೋತೀವಿ" ಎಂದರೂ, ಹಳೆ ಶಿಕ್ಷೆಯ ಕಾರಣದಿಂದ ಹೆಚ್ಚಿನ ಶಿಕ್ಷೆಗೆ ಗುರಿಯಾಗುವವರ ಕೇಸಿನಲ್ಲಿ ಕಾನೂನು ರಾಜಿಗೆ ಅವಕಾಶ ಕೊಡುವುದಿಲ್ಲ.

"ಅಪೀಲ್ ಹೋದ್ರೆ ಶಿಕ್ಷೆ ಇನ್ನೂ ಜಾಸ್ತಿ ಮಾಡ್ತಾರಂತೆ" ಎಂಬ ಹೆದರಿಕೆಯೂ ಇದೆ. ಶಿಕ್ಷೆಯಾದವರೇ ಹಾಕಿದ ಮೇಲ್ಮನವಿಯಲ್ಲಿ ಸೆಷನ್ಸ್ ಕೋರ್ಟು, ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಮೇಲಿನ ಜಿಲ್ಲೆಯ ಕೋರ್ಟು, ಬಿಡುಗಡೆ ಮಾಡಬಹುದು, ಮರು ವಿಚಾರಣೆಗೆ ಕಳಿಸಬಹುದು, ಶಿಕ್ಷೆ ಇಳಿಸಬಹುದು. ಏರಿಸುವಂತಿಲ್ಲ. ಶಿಕ್ಷೆ ಕಡಿಮೆಯಾಯಿತು ಎಂದು ಸರ್ಕಾರವೇ ಬೇರೆ ಅಪೀಲು ಹಾಕಿದರೆ ಆ ಮಾತು ಬೇರೆ. ಆಗಲೂ ನಿಮ್ಮ ವಾದ ಕೇಳದೆ ಏರಿಸುವುದಿಲ್ಲ. ಆದರೆ ಹಳೆ ಶಿಕ್ಷೆ ಸರಿಯಾಗಿ ಸಾಬೀತಾಗಿದ್ದರೆ, "ಬಡವಳು, ಮಕ್ಕಳಿದ್ದಾರೆ" ಎಂಬ ಕಾರಣಕ್ಕೆ ಒಂದು ವರ್ಷಕ್ಕಿಂತ ಕೆಳಗೆ ಇಳಿಸುವುದು ಬಹಳ ಕಷ್ಟ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮ್ಯಾಜಿಸ್ಟ್ರೇಟ್ ಕೋರ್ಟಿನ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ ಸಮಯ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿ ಕೂಡಲೇ, ಪುಕ್ಕಟೆ ಕೊಡಬೇಕು. ತಡವಾದರೆ ಕಾರಣ ಹೇಳಿ ಕ್ಷಮೆ ಕೇಳಬಹುದು. ಜಾಮೀನಿನ ಮೇಲೆ ಹೊರಗಿದ್ದು, ಶಿಕ್ಷೆ ಮೂರು ವರ್ಷದೊಳಗಿದ್ದರೆ, ಅಪೀಲು ಹಾಕುತ್ತೇವೆ ಎಂದು ಶಿಕ್ಷೆ ಕೊಟ್ಟ ಕೋರ್ಟಿಗೇ ತಿಳಿಸಬೇಕು. ಜಾಮೀನು ನಿರಾಕರಿಸಲು ವಿಶೇಷ ಕಾರಣವಿಲ್ಲದಿದ್ದರೆ, ಅಪೀಲು ಹಾಕಲು ಬೇಕಾಗುವಷ್ಟು ದಿನಕ್ಕೆ ಅದೇ ಕೋರ್ಟು ಜಾಮೀನು ಕೊಡುತ್ತದೆ. ಆಮೇಲೆ ಶಿಕ್ಷೆ ಅಮಾನತಿನಲ್ಲಿಡಲು, ಅಂದರೆ ಅಪೀಲು ಮುಗಿಯುವವರೆಗೆ ತಡೆಹಿಡಿಯಲು, ಸೆಷನ್ಸ್ ಕೋರ್ಟಿನಲ್ಲಿ ಅರ್ಜಿ ಹಾಕಬೇಕು.

ಒಳಗಿರುವವರೂ ಕೈಕಟ್ಟಿ ಕೂರಬೇಕಿಲ್ಲ. ಬೆಳಗಾವಿಯ ಹಿಂಡಲಗಾ ಜೈಲಿರಲಿ, ವಿಜಯಪುರದ ಕೇಂದ್ರ ಕಾರಾಗೃಹವಿರಲಿ, ಮೇಲ್ಮನವಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು. ಅದನ್ನು ಕೋರ್ಟಿಗೆ ಕಳಿಸುವುದು ಅವರ ಕರ್ತವ್ಯ. ವಕೀಲರ ಫೀಸಿಗೆ ದುಡ್ಡಿಲ್ಲ ಎಂಬುದೂ ತಡೆಯಾಗಬಾರದು. ಬಂಧನದಲ್ಲಿರುವವರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಜಿಲ್ಲಾ ಕೋರ್ಟಿನಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು.

ಸೆಷನ್ಸ್ ಕೋರ್ಟಿನಲ್ಲೂ ಸೋತರೆ ಮುಂದಿನದು ಹೈಕೋರ್ಟಿನಲ್ಲಿ ಪುನರೀಕ್ಷಣೆ, ಜನರ ಮಾತಲ್ಲಿ ರಿವಿಜನ್. ಅದಕ್ಕೆ 90 ದಿನ. ಇಲ್ಲಿ ನಮ್ಮ ಭಾಗದವರಿಗೆ ಒಂದು ವಿಷಯ ಗೊತ್ತಿರಬೇಕು. 1997ರವರೆಗೆ ಬಾಗಲಕೋಟೆ, ವಿಜಯಪುರ ಒಂದೇ ಜಿಲ್ಲೆ. ಆದರೆ ಹೈಕೋರ್ಟಿನ ದಾರಿ ಈಗ ಬೇರೆ ಬೇರೆ. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗಬೇಕು. ವಿಜಯಪುರದವರ ಕಾಗದ ಹೋಗುವುದು ಕಲಬುರಗಿ ಪೀಠಕ್ಕೆ.