ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ

ಕೀಲಿ ತಿರುಗಿಸಿದರೆ ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆಗಳಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರುಗಳು ಹೀಗೆ ಕೈಕೊಡುವುದುಂಟು. ಎಂಜಿನ್ ಎಂದಿನ ವೇಗದಲ್ಲಿ ತಿರುಗುತ್ತಿದ್ದರೆ ಬ್ಯಾಟರಿ, ಸ್ಟಾರ್ಟರ್ ಮೋಟರ್ ತಮ್ಮ ಕೆಲಸ ಮಾಡಿವೆ. ಇಲ್ಲದಿರುವುದು ಪೆಟ್ರೋಲು, ಕಿಡಿ ಅಥವಾ ಸಿಲಿಂಡರಿನ ಒತ್ತಡ. ಯಾವುದು ಎಂದು ಗೊತ್ತಾಗುವ ತನಕ ಕಿಡಿ ಹೊಡೆಯುವ ಒಂದು ಪ್ಲಗ್ಗನ್ನೂ ಬದಲಾಯಿಸಬೇಡಿ. ಒಂದೇ ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಸ್ಟಾರ್ಟರ್ ಬೇಗ ಕಾಯುತ್ತದೆ, ನಡುವೆ ಒಂದು ನಿಮಿಷವಾದರೂ ಬಿಡಿ.

ಮೊದಲು ಸೆಲ್ಫ್ ಹೊಡೆಯದೆ ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಂದು ಸುಮ್ಮನೆ ಕೇಳಿ. ಹಿಂದಿನ ಸೀಟಿನ ಕೆಳಗಿಂದ ಸುಮಾರು ಎರಡು ಸೆಕೆಂಡು ಗುಂಯ್ ಎಂಬ ಸದ್ದು ಬರಬೇಕು. ಅದು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು. ಕೆಲವು ಹೊಸ ಕಾರುಗಳಲ್ಲಿ ಬಾಗಿಲು ತೆರೆದಾಗಲೇ ಓಡಿ ನಿಲ್ಲುತ್ತದೆ. ಸದ್ದು ಇಲ್ಲದಿದ್ದರೆ ಪಂಪಿನ ಫ್ಯೂಸ್ ನೋಡಿ, ನಂತರ ರಿಲೇ, ಅಂದರೆ ಪಂಪಿಗೆ ಕರೆಂಟ್ ಕೊಡುವ ವಿದ್ಯುತ್ ಸ್ವಿಚ್ಚು. ಹಾರ್ನ್‌ಗೂ ಅದೇ ನಂಬರಿನ ರಿಲೇ ಇದ್ದರೆ ಎರಡನ್ನೂ ಅದಲು ಬದಲು ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಹೊಸ ಫ್ಯೂಸ್ ಹಾಕಿದ ಕೂಡಲೇ ಸುಟ್ಟರೆ ವೈರು ಎಲ್ಲೋ ಕಾರಿನ ಲೋಹದ ಮೈಗೆ ತಾಗುತ್ತಿರಬಹುದು. ಹೆಚ್ಚು ಆಂಪಿಯರಿನ ಫ್ಯೂಸ್ ಹಾಕಿದರೆ ವೈರಿಂಗೇ ಹೊತ್ತಿಕೊಳ್ಳಬಹುದು. ಪಂಪು ಸದ್ದು ಮಾಡಿದ ಮಾತ್ರಕ್ಕೆ ಪಾಸಾಯಿತು ಎನ್ನಲಾಗದು. ಬಹುತೇಕ ಸಾಮಾನ್ಯ ಇಂಜೆಕ್ಷನ್ ಕಾರುಗಳಿಗೆ 3ರಿಂದ 4 ಬಾರ್ ಒತ್ತಡ ಬೇಕು, ಅದನ್ನು ಗ್ಯಾರೇಜಿನ ಗೇಜಿನಲ್ಲೇ ಅಳೆಯಬೇಕು. ಇದೇ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಕೀಲಿ ಅಥವಾ ಬೀಗದ ಗುರುತು ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮೊಬಿಲೈಜರ್ ನಿಮ್ಮ ಕೀಲಿಯನ್ನು ಗುರುತಿಸದಿರಬಹುದು. ಇನ್ನೊಂದು ಕೀಲಿ ಹಾಕಿ ನೋಡಿ.

ಈಗ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳನ್ನು ಗಮನಿಸಿ. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ಸೊನ್ನೆ ಬಿಟ್ಟು ಕದಲದಿದ್ದರೆ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರಿನ ಮೇಲೆ ಅನುಮಾನ ಪಡಿ. ಅನೇಕ ಕಾರುಗಳಲ್ಲಿ ಇದು 60 ಹಲ್ಲುಗಳ ಜಾಗದಲ್ಲಿ 58 ಹಲ್ಲಿರುವ ಚಕ್ರವನ್ನು ಓದುತ್ತದೆ. ಆ ಎರಡು ಹಲ್ಲಿನ ಖಾಲಿ ಜಾಗದಿಂದಲೇ ಪಿಸ್ಟನ್ ಎಲ್ಲಿದೆ ಎಂದು ಎಂಜಿನ್ ಕಂಪ್ಯೂಟರಿಗೆ ತಿಳಿಯುವುದು. ಸಂಕೇತ ಬರದಿದ್ದರೆ ಕಂಪ್ಯೂಟರಿನ ಲೆಕ್ಕದಲ್ಲಿ ಎಂಜಿನ್ ನಿಂತೇ ಇದೆ, ಹಾಗಾಗಿ ಕಿಡಿಯನ್ನೂ ಕೊಡದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೂ ತೆರೆಯದು. ಈ ಸೆನ್ಸರು ಬಿಸಿಯಲ್ಲಿ ಕೆಟ್ಟು ತಣ್ಣಗಾದಾಗ ಸರಿಯಾಗುವುದುಂಟು. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದ ಕಾರು ಸ್ಟಾರ್ಟ್ ಆಗದೆ, ಅರ್ಧ ಗಂಟೆ ಬಿಟ್ಟು ಏನೂ ಆಗಿಲ್ಲವೆಂಬಂತೆ ಹೊರಟರೆ ಮೊದಲು ನೋಡಬೇಕಾದ್ದು ಇದನ್ನೇ. ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ದೋಷ ಓದುವ ಸ್ಕ್ಯಾನರ್ ಹಾಕಿದರೆ ಈ ಸೆನ್ಸರಿನ ಸರ್ಕ್ಯೂಟಿನ ದೋಷ ಹೇಳುವ ಪಿ0335 ಕೋಡ್ ಸಿಗಬಹುದು. ಕೋಡ್ ಬಂದರೂ ಸೆನ್ಸರೇ ಹೋಗಿದೆ ಎಂದಲ್ಲ, ಅದರ ವೈರು ತುಂಡಾಗಿದ್ದರೂ ಅದೇ ಕೋಡ್.

ಮಲೆನಾಡಿನಲ್ಲಿ ವೈರಿನ ಮಾತು ಬಂದರೆ ಇಲಿಯನ್ನು ಬಿಡುವಂತಿಲ್ಲ. ಮಳೆಗೆ ಬೆಚ್ಚನೆ ಜಾಗ ಹುಡುಕಿ ಎಂಜಿನ್ ಮೇಲೆ ಗೂಡು ಕಟ್ಟಿ, ಇಂಜೆಕ್ಟರ್, ಕಿಡಿಗೆ ವೋಲ್ಟ್ ಏರಿಸುವ ಕಾಯಿಲ್, ಸೆನ್ಸರುಗಳ ವೈರು ಕಡಿಯುತ್ತದೆ. ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಕವರಿನ ಅಡಿಯವರೆಗೂ ನೋಡಿ. ಇದಕ್ಕೆ ಹಿಡಿಯುವುದು ಐದು ನಿಮಿಷ, ಸ್ಕ್ಯಾನರಿಗಿಂತ ಮೊದಲೇ ಮಾಡುವಂಥದ್ದು.

ಸೆಲ್ಫ್ ಹೊಡೆದ ಮೇಲೆ ಸೈಲೆನ್ಸರಿನಲ್ಲಿ ಹಸಿ ಪೆಟ್ರೋಲಿನ ವಾಸನೆ ಜೋರಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಪ್ಲಗ್ ಒದ್ದೆಯಾಗಿರುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿಟ್ಟು ಸೆಲ್ಫ್ ಹೊಡೆಯಿರಿ. ಬಹುತೇಕ ಇಂಜೆಕ್ಷನ್ ಕಾರುಗಳು ಆಗ ಪೆಟ್ರೋಲ್ ನಿಲ್ಲಿಸಿ ಗಾಳಿಯನ್ನಷ್ಟೇ ಎಳೆದು ಸಿಲಿಂಡರ್ ಒಣಗಿಸುತ್ತವೆ. ಕಿಡಿ ನೋಡಲು ಪ್ಲಗ್ ವೈರನ್ನು ಕೈಯಲ್ಲಿ ಹಿಡಿಯಬೇಡಿ, ಅಲ್ಲಿರುವುದು ಸಾವಿರಾರು ವೋಲ್ಟ್. ಸ್ಪಾರ್ಕ್ ಟೆಸ್ಟರ್ ಬಳಸಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗಿಳಿದರೂ ಕಿಡಿ ದುರ್ಬಲವಾಗಬಹುದು, ಆದ್ದರಿಂದ ಮಲ್ಟಿಮೀಟರ್ ಇಟ್ಟು ಒಮ್ಮೆ ಅಳೆಯಿರಿ.

ಎಂಜಿನ್ ಎಂದಿಗಿಂತ ಹಗುರವಾಗಿ, ಏರಿಳಿತವಿಲ್ಲದೆ ಸರ್ರನೆ ತಿರುಗಿದರೆ ವಾಲ್ವ್‌ಗಳನ್ನು ಪಿಸ್ಟನ್ನಿನ ಲಯಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಅಲ್ಲಿಗೇ ನಿಲ್ಲಿಸಿ, ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ.

ಡೀಸೆಲ್ ಕಾರಿಗೆ ಕಿಡಿಯ ಪ್ರಶ್ನೆಯಿಲ್ಲ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಶಾಖ ಸಾಲದು. ಚಿಕ್ಕಮಗಳೂರಿನ ಚಳಿಯ ಬೆಳಿಗ್ಗೆಯಾದರೆ ಸಿಲಿಂಡರನ್ನು ಕಾಯಿಸುವ ಹೀಟರ್ ಪ್ಲಗ್ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ: ಫಿಲ್ಟರಿನ ನೀರು ಇಳಿಸಿ, ಕೈಪಂಪು ಇದ್ದರೆ ಗಟ್ಟಿಯಾಗುವ ತನಕ ಒತ್ತಿ ಏರ್ ತೆಗೆಯಿರಿ.

ಇಷ್ಟೆಲ್ಲ ಪರೀಕ್ಷೆಗೆ ಒಂದು ಅಪವಾದವಿದೆ. ಕಾರು ಹಳ್ಳದ ನೀರಿನಲ್ಲಿ ಆಫ್ ಆಗಿದ್ದರೆ ಸೆಲ್ಫ್ ಮುಟ್ಟಲೇಬೇಡಿ. ಏರ್ ಫಿಲ್ಟರ್ ತೆರೆದು ನೋಡಿ, ಒದ್ದೆಯಾಗಿದ್ದರೆ ಸಿಲಿಂಡರಿಗೂ ನೀರು ಹೋಗಿರಬಹುದು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಒಂದೇ ಸೆಲ್ಫಿಗೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಕಾರನ್ನು ಎಳೆಸಿಕೊಂಡು ಹೋಗಿ, ಗ್ಯಾರೇಜಿನಲ್ಲಿ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿಸಿ ನೀರು ಹೊರಹಾಕಿಸಿ, ಎಂಜಿನ್ ಆಯಿಲ್ ಬದಲಾಯಿಸಿದ ಮೇಲೆಯೇ ಕೀಲಿ ತಿರುಗಿಸಬೇಕು.