ತಲೆಗೆ ಪೆಟ್ಟಾದವರ ‘ಸೋಮಾರಿತನ’

ಬೈಕಿನಿಂದ ಬಿದ್ದು ತಲೆಗೆ ಭಾರಿ ಪೆಟ್ಟಾಗಿ, ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಕೋಲಾರದ ಕಡೆಯ ಹಳ್ಳಿಗೆ ವಾಪಸಾದವನನ್ನು ನೋಡಲು ಮೊದಲ ವರ್ಷ ನೆಂಟರು ಹಣ್ಣು ಹಿಡಿದು ಬರುತ್ತಾರೆ. ಮೂರನೇ ವರ್ಷಕ್ಕೆ ಅದೇ ನೆಂಟರು, “ಕೈಕಾಲು ನೆಟ್ಟಗಿದೆ, ತಿಂದು ಕೂತಿರ್ತಾನೆ” ಅನ್ನುತ್ತಾರೆ. ತೀವ್ರ ಪೆಟ್ಟಾದವರ ಮನೆಯವರನ್ನು ಐದು ವರ್ಷಗಳ ನಂತರ ಮಾತಾಡಿಸಿದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಅಧ್ಯಯನವೊಂದು 1986ರಲ್ಲಿ ಪ್ರಕಟವಾಯಿತು. ಮೊದಲ ವರ್ಷಕ್ಕಿಂತ ಐದನೇ ವರ್ಷದಲ್ಲಿ ಮನೆಯವರ ಮೇಲಿನ ಹೊರೆ ಹೆಚ್ಚಾಗಿತ್ತು. ಅವರನ್ನು ಹೆಚ್ಚು ಬಳಲಿಸಿದ್ದು ಕೈಕಾಲಿನ ಊನಕ್ಕಿಂತ ಬದಲಾದ ಸ್ವಭಾವ.

ಮಿದುಳಿನ ಮುಂಭಾಗ ಕೂತಿರುವುದು ಕಣ್ಣುಗೂಡಿನ ಮೇಲಿನ ಒರಟು ಮೂಳೆಯ ಮೇಲೆ. ಪೆಟ್ಟಿನ ರಭಸಕ್ಕೆ ಅದು ಮೂಳೆಗೆ ಉಜ್ಜಿ ಜಜ್ಜಿಹೋಗುತ್ತದೆ. ನಡೆಯಲು, ಎತ್ತಲು ಬೇಕಾದ ಭಾಗ ಉಳಿದಿದ್ದರೂ ಕೆಲಸವನ್ನು ಶುರುಮಾಡಿಸುವ ಭಾಗ ಕೆಟ್ಟಿರುತ್ತದೆ. “ಹಾಲು ಡೈರಿಗೆ ಹಾಕಿ ಬಾ” ಅಂದರೆ “ಹೂಂ” ಅನ್ನುತ್ತಾನೆ, ಏಳುವುದಿಲ್ಲ. ಕ್ಯಾನು ಕೈಗೆ ಕೊಟ್ಟು ಬಾಗಿಲ ತನಕ ಬಂದರೆ ಹೊರಟೇಬಿಡುತ್ತಾನೆ. ಮೈಗಳ್ಳನಾಗಿದ್ದರೆ ಕ್ಯಾನು ಕೊಟ್ಟ ಮೇಲೂ ನೆಪ ಹುಡುಕುತ್ತಿದ್ದ.

ಟೊಮೆಟೊ ವಿಂಗಡಿಸಲು ಕೂರಿಸುವುದಾದರೆ ಎದುರಿಗೆ ಎರಡೇ ಕ್ರೇಟು ಇಡಿ. ಒಂದರಲ್ಲಿ ಮಾದರಿಗೆ ಕೆಂಪು ಹಣ್ಣು, ಇನ್ನೊಂದರಲ್ಲಿ ಅರೆಹಣ್ಣು. ಒಡೆದ ಹಣ್ಣಿನ ಮೂರನೇ ಕ್ರೇಟು ಮೊದಲ ವಾರಗಳಲ್ಲಿ ಬೇಡ. ಕೈ ತಪ್ಪು ಕ್ರೇಟಿನತ್ತ ಹೋಗುವ ಮುಂಚೆಯೇ ತಡೆದು ಸರಿಯಾದ ಕಡೆಗೆ ತನ್ನಿ. “ತಪ್ಪು ಮಾಡಿ ಕಲಿಯಲಿ” ಅನ್ನುವುದು ಇಲ್ಲಿ ನಡೆಯುವುದಿಲ್ಲ; ತಿದ್ದಿದ್ದು ಅವನಿಗೆ ನೆನಪಿರುವುದಿಲ್ಲ, ಕೈಗೆ ಮಾತ್ರ ತಪ್ಪೇ ರೂಢಿಯಾಗುತ್ತದೆ. 20 ನಿಮಿಷ ಕೆಲಸ, 10 ನಿಮಿಷ ವಿರಾಮದಿಂದ ಶುರುಮಾಡಿ, ತಡೆದುಕೊಂಡಷ್ಟು ಹೆಚ್ಚಿಸಿ. ಕೈ ನಿಧಾನವಾಯಿತು, ಕೇಳಿದ್ದನ್ನೇ ಕೇಳುತ್ತಿದ್ದಾನೆ ಅಂದರೆ ದಣಿದಿದ್ದಾನೆ. ಅಲ್ಲಿಗೆ ನಿಲ್ಲಿಸದಿದ್ದರೆ ಮುಂದಿನದು ಸಿಟ್ಟು. ಸಿಟ್ಟು ನೆತ್ತಿಗೇರಿದ ಮೇಲೆ ಬುದ್ಧಿ ಹೇಳುವುದು ದಂಡ. ಟಿವಿ ಆರಿಸಿ, ಮಕ್ಕಳನ್ನು ಆಚೆ ಕಳಿಸಿ, ಒಬ್ಬರೇ ಮಾತಾಡಿ, ಅದೂ ಕಡಿಮೆ.

ಎಷ್ಟೋ ಮನೆಗಳಲ್ಲಿ ಯಾರೂ ಗಮನಿಸದ ನಷ್ಟ ವಾಸನೆಯದು. ಮೂಗಿನಿಂದ ಮೇಲೇರುವ ಎಳೆನರಗಳು ಪೆಟ್ಟಿಗೆ ಹರಿದಿದ್ದರೆ ಗ್ಯಾಸ್ ಸೋರಿದ್ದಾಗಲಿ, ಸಾರು ಹಳಸಿದ್ದಾಗಲಿ ಅವನಿಗೆ ತಿಳಿಯದು. ಕಣ್ಣು ಮುಚ್ಚಿಸಿ ಕಾಫಿಪುಡಿ ಮೂಸಿಸಿದರೆ ಸುಳಿವು ಸಿಗುತ್ತದೆ. ಅಡುಗೆಯಾದ ತಕ್ಷಣ ರೆಗ್ಯುಲೇಟರ್ ಆಫ್ ಮಾಡಿ.

ಫಿಟ್ಸ್ ಮೊದಲ ಸಲ ವರ್ಷಗಳ ನಂತರವೂ ಬರಬಹುದು. ಬರೆದುಕೊಟ್ಟ ಮಾತ್ರೆಯನ್ನು “ಈಗ ಆರಾಮಾಗಿದಾನಲ್ಲ” ಎಂದು ದಿಢೀರ್ ನಿಲ್ಲಿಸುವುದು, ಕುಡಿತ, ನಿದ್ದೆಗೇಡು, ಮೂರೂ ಅದನ್ನು ಕರೆತರುತ್ತವೆ. ಬಂದಾಗ ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ, ಬೀಗದಕೈ ಕೊಡುವುದರಿಂದ ಏನೂ ಆಗುವುದಿಲ್ಲ, ಬಾಯಿಗಂತೂ ಏನನ್ನೂ ತುರುಕಬೇಡಿ. 5 ನಿಮಿಷ ಮೀರಿದರೆ 108ಕ್ಕೆ ಫೋನ್ ಮಾಡಿ. ಹೊಲದಲ್ಲಿ ಕೃಷಿಹೊಂಡವಿದ್ದರೆ ಬೇಲಿ ಹಾಕಿಸಲೇಬೇಕು. ಪ್ಲಾಸ್ಟಿಕ್ ಹೊದಿಸಿದ ಹೊಂಡದ ಇಳಿಜಾರಿನಲ್ಲಿ ಜಾರಿದರೆ ಗಟ್ಟಿಮುಟ್ಟಾದವರಿಗೇ ಮೇಲೆ ಹತ್ತುವುದು ಕಷ್ಟ.

ಇನ್ನು ಅಂಗವಿಕಲತೆಯ ಸರ್ಟಿಫಿಕೇಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧಗಳಲ್ಲಿ ತಲೆಪೆಟ್ಟು ಎಂಬ ಪ್ರತ್ಯೇಕ ಹೆಸರಿಲ್ಲ. ಅದರಿಂದಾದ ನಡಿಗೆಯ, ಮಾತಿನ, ಮನಸ್ಸಿನ ತೊಂದರೆಗಳನ್ನು ತೋರಿಸಬೇಕು. ಡಾಕ್ಟರ ಮುಂದೆ ಕೂತಾಗ ಅವನು, “ನಂಗೇನಾಗಿದೆ? ಚೆನ್ನಾಗಿದೀನಿ” ಅಂತಲೇ ಅನ್ನುತ್ತಾನೆ. ಸುಳ್ಳಲ್ಲ, ತನ್ನ ಕೊರತೆ ತನಗೇ ಕಾಣದಿರುವುದೂ ಅದೇ ಪೆಟ್ಟಿನ ಫಲ. ಆದ್ದರಿಂದ ಹೆಂಡತಿಯೋ ತಾಯಿಯೋ ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಲಿ: ಸ್ನಾನಕ್ಕೆ ಎಷ್ಟು ಸಲ ಹೇಳಬೇಕಾಯಿತು, ಯಾವಾಗ ಸಿಟ್ಟು ಬಂತು, ಯಾರಿಗೆ ದುಡ್ಡು ಕೊಟ್ಟು ಮರೆತ. ಆ ಪುಸ್ತಕ, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ವರದಿ ಮೂರನ್ನೂ ಒಯ್ದು, ಡಾಕ್ಟರ ಹತ್ತಿರ ಐದು ನಿಮಿಷ ಅವನಿಲ್ಲದೆ ಮಾತಾಡಲು ಅವಕಾಶ ಕೇಳಿ.